ವಕೀಲರ ಸಂಘದ ಪ್ರಧಾನ ಕಾರ್ಯದರ್ಶಿ

ತಾಲ್ಲೂಕು ವಕೀಲರ ಸಂಘದ ಪ್ರಧಾನ ಕಾರ್ಯದರ್ಶಿ ಕರ್ನಾಟಕದಲ್ಲಿ ಕೋರ್ಟು ಇರುವ ಊರಿಗೊಬ್ಬರಂತೆ ಕಾಣಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಜೂನಿಯರ್ ಎನ್ನಲು ಹೊಟ್ಟೆ ಬಂದಿರುತ್ತದೆ, ಸೀನಿಯರ್ ಎನ್ನಲು ಕೇಸು ಬಂದಿರುವುದಿಲ್ಲ. ಕೋಟಿನ ಒಂದು ಜೇಬಿನಲ್ಲಿ ಬಿಳಿ ಬ್ಯಾಂಡು, ಇನ್ನೊಂದರಲ್ಲಿ ಸಂಘದ ರಸೀದಿ ಪುಸ್ತಕ. ಕಂಕುಳಲ್ಲಿ ಕೇಸಿನ ಕಟ್ಟು ಇರಬೇಕಾದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಫೈಲು; ಅದರೊಳಗೆ ತಹಶೀಲ್ದಾರರಿಗೆ ಕೊಡಬೇಕಾದ ಮನವಿಯ ಮೂರು ಪ್ರತಿ, ಶಾಮಿಯಾನದವನ ಬಿಲ್ಲು, ಯಾರದೋ ಮಗಳ ಮದುವೆಯ ಕರೆಯೋಲೆ. ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನು ಬಿಟ್ಟರೆ ಉಳಿದೆಡೆ ಬೇಸಿಗೆಯಲ್ಲಿ ಕಪ್ಪು ಕೋಟು ಕಡ್ಡಾಯವಲ್ಲವೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಕಾರ್ಯದರ್ಶಿ ಮಾತ್ರ ಏಪ್ರಿಲ್ ಸೆಕೆಯಲ್ಲೂ ಕೋಟು ಕಳಚುವುದಿಲ್ಲ. ಯಾವ ಗಳಿಗೆಯಲ್ಲಿ ಫೋಟೊ ತೆಗೆಯುತ್ತಾರೋ ಹೇಳಲಾಗದು.

ಹುದ್ದೆಗೆ ಸಂಬಳವಿಲ್ಲ. ಹೇಳಿಕೊಳ್ಳುವಂಥ ಅಧಿಕಾರವೂ ಇಲ್ಲ. ಸನ್ನದು ಕೊಡುವುದು, ದುರ್ನಡತೆಯ ದೂರು ವಿಚಾರಿಸುವುದು, ಸನ್ನದು ಅಮಾನತು ಮಾಡುವುದು ಎಲ್ಲವನ್ನೂ 1961ರ ವಕೀಲರ ಕಾಯ್ದೆ ರಾಜ್ಯ ಮತ್ತು ರಾಷ್ಟ್ರ ಮಟ್ಟದ ಪರಿಷತ್ತುಗಳಿಗೆ ಒಪ್ಪಿಸಿದೆ. ತಾಲ್ಲೂಕು ಸಂಘ ಯಾರ ಸನ್ನದನ್ನೂ ಕಿತ್ತುಕೊಳ್ಳಲಾರದು. ಬಾಕಿ ಚಂದಾ ಕಿತ್ತುಕೊಳ್ಳುವುದೇ ಅದಕ್ಕೆ ಕಷ್ಟ. ಅಧ್ಯಕ್ಷರು ಸಾಮಾನ್ಯವಾಗಿ ಹಿರಿಯರು. ಸಭೆಯಲ್ಲಿ ನಡುವಿನ ಕುರ್ಚಿ ಅವರದು, ತೋರಿಸಿದ ಕಡೆ ರುಜು ಹಾಕುತ್ತಾರೆ. ಕುರ್ಚಿ ತರಿಸುವವರು, ರುಜು ಎಲ್ಲಿ ಎಂದು ತೋರಿಸುವವರು ಕಾರ್ಯದರ್ಶಿ.

ಇವರ ಕಾರ್ಯಕ್ಷೇತ್ರ ಸಂಘದ ಕೊಠಡಿ. ಗೋಡೆಯ ಮೇಲೆ ಗತಿಸಿದ ಹಿರಿಯ ವಕೀಲರ ಭಾವಚಿತ್ರಗಳು, ಕೆಳಗೆ ಕೇರಂ ಬೋರ್ಡು, ಮೂಲೆಯಲ್ಲಿ ಗಾಜಿನ ಬೀರು. ಬೀರುವಿನಲ್ಲಿ ಎ.ಐ.ಆರ್. ತೀರ್ಪು ಸಂಪುಟಗಳಲ್ಲಿ ಕೆಲವು ಇವೆ. ಬೀಗದ ಕೈ ಹಿಂದಿನ ಕಾರ್ಯದರ್ಶಿಯ ಬಳಿ ಇದೆ ಎಂದು ಈಗಿನವರೂ, ಈಗಿನವರಿಗೆ ಅಂದೇ ಕೊಟ್ಟಾಗಿದೆ ಎಂದು ಹಿಂದಿನವರೂ ಹೇಳುತ್ತಾರೆ. ದಿನವಿಡೀ ಸಾಕ್ಷಿಗಳನ್ನು ಜಾಲಾಡುವ ಊರಿನ ವಕೀಲರಲ್ಲಿ ಈ ಇಬ್ಬರನ್ನು ಪಾಟೀಸವಾಲಿಗೆ ಒಳಪಡಿಸಿದವರು ಒಬ್ಬರೂ ಇಲ್ಲ. ತೀರ್ಪುಗಳೆಲ್ಲ ಮೊಬೈಲಿನಲ್ಲೇ ಸಿಗುವುದರಿಂದ ಬೀಗ ಒಡೆಯುವ ತುರ್ತೂ ಯಾರಿಗೂ ಬಿದ್ದಿಲ್ಲ.

ವಕೀಲಿಕೆಯನ್ನು ಇವರು ಬಿಟ್ಟಿರುವುದಿಲ್ಲ; ಅದು ತಾನಾಗಿ ಸ್ವಲ್ಪ ದೂರ ಸರಿದು ನಿಂತಿರುತ್ತದೆ. ಇವರ ಕೇಸು ಕೂಗಿದಾಗ ಇವರು ಕೋರ್ಟಿನ ಶೌಚಾಲಯದ ದುರಸ್ತಿ ಕೇಳಲು ಲೋಕೋಪಯೋಗಿ ಇಲಾಖೆಯ ಕಚೇರಿಯಲ್ಲಿರುತ್ತಾರೆ. ಜೂನಿಯರ್ ಹುಡುಗ ಎದ್ದು, ‘ಪಾಸ್ ಓವರ್ ಸ್ವಾಮಿ, ನಮ್ಮ ಸೀನಿಯರ್ ಸಂಘದ ಕೆಲಸದ ಮೇಲಿದ್ದಾರೆ’ ಎನ್ನುತ್ತಾನೆ. ಎರಡನೆಯ ಸಲ ಕೂಗುವ ಹೊತ್ತಿಗೆ ಕಾರ್ಯದರ್ಶಿ ಓಡೋಡಿ ಬಂದಿರುತ್ತಾರೆ, ಕೇಸಿನ ಕಟ್ಟು ಬಂದಿರುವುದಿಲ್ಲ. ಹೊರಗೆ ಕಕ್ಷಿದಾರ ‘ಏನಾಯ್ತು ಸಾರ್?’ ಎಂದರೆ ‘ಡೇಟಾಯ್ತು’ ಎಂಬ ಉತ್ತರ ಮೊದಲೆಲ್ಲ ಸಾಕಾಗುತ್ತಿತ್ತು. ಇ-ಕೋರ್ಟ್ಸ್ ಆ್ಯಪ್ ಬಂದ ಮೇಲೆ ಡೇಟು ಯಾವತ್ತಿಗೆ, ಯಾವ ಹಂತಕ್ಕೆ ಎಂಬುದನ್ನು ಬೆಂಗಳೂರಿನಲ್ಲಿರುವ ಕಕ್ಷಿದಾರನ ಮಗ ಮೊದಲು ನೋಡಿ, ಫೋನು ಮಾಡಿ ವಕೀಲರಿಗೇ ತಿಳಿಸುತ್ತಾನೆ. ತಂತ್ರಜ್ಞಾನವನ್ನು ಸ್ವಾಗತಿಸುವ ಠರಾವಿಗೆ ರುಜು ಹಾಕಿದವರಲ್ಲಿ ಕಾರ್ಯದರ್ಶಿಯೂ ಒಬ್ಬರಾದ್ದರಿಂದ ಇದರ ಬಗ್ಗೆ ದೂರುವಂತಿಲ್ಲ.

ಕಾರ್ಯದರ್ಶಿಯ ನಿಜವಾದ ಪ್ರತಿಭೆ ಅರಳುವುದು ಪತ್ರಿಕಾ ಪ್ರಕಟಣೆಯಲ್ಲಿ. ಸಂಘದ ಸುದ್ದಿಗೆ ಒಂದು ಸ್ಥಿರ ರೂಪವಿದೆ. ಮೊದಲಿಗೆ ಸಂಯುಕ್ತ ಆಶ್ರಯ: ತಾಲ್ಲೂಕು ಕಾನೂನು ಸೇವಾ ಸಮಿತಿ, ವಕೀಲರ ಸಂಘ, ಅಭಿಯೋಜನೆ ಇಲಾಖೆ, ಪೊಲೀಸ್ ಇಲಾಖೆ, ಶಿಕ್ಷಣ ಇಲಾಖೆ. ಒಂದು ಪ್ರೌಢಶಾಲೆಯಲ್ಲಿ ಪೋಕ್ಸೊ ಕಾಯ್ದೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಲು ಇಷ್ಟೂ ಆಶ್ರಯ ಬೇಕು. ನಂತರ ನ್ಯಾಯಾಧೀಶರು ದೀಪ ಬೆಳಗಿಸಿ ಮಾತನಾಡುತ್ತಾರೆ. ಕಾನೂನಿನ ಅರಿವು ಪ್ರತಿಯೊಬ್ಬರಿಗೂ ಅಗತ್ಯವೆಂದು ಅಭಿಪ್ರಾಯಪಡುತ್ತಾರೆ. ಅವರು ಮಾತನಾಡುವುದಕ್ಕೆ ಮುಂಚೆಯೇ ಈ ಅಭಿಪ್ರಾಯ ಟೈಪಾಗಿರುವುದುಂಟು. ಕಾರ್ಯಕ್ರಮ ಹನ್ನೊಂದಕ್ಕಾದರೆ ಪತ್ರಕರ್ತರ ವಾಟ್ಸ್‌ಆ್ಯಪ್ ಗುಂಪಿಗೆ ಸುದ್ದಿ ಹತ್ತೂಮುಕ್ಕಾಲಿಗೆ ಹೋಗಿ, ‘ಫೋಟೊ ಆಮೇಲೆ ಕಳಿಸುತ್ತೇವೆ’ ಎಂಬ ಟಿಪ್ಪಣಿ ಹಿಂದೆಯೇ ಬರುತ್ತದೆ.

ಸುದ್ದಿಯ ಜೀವ ಅದರ ಕೊನೆಯ ವಾಕ್ಯದಲ್ಲಿದೆ. ‘ಈ ಸಂದರ್ಭದಲ್ಲಿ’ ಎಂದು ಶುರುವಾಗಿ ‘ಮುಂತಾದವರು ಇದ್ದರು’ ಎಂದು ಮುಗಿಯುವ ಈ ವಾಕ್ಯದ ನಡುವೆ ಹತ್ತಿಪ್ಪತ್ತು ಹೆಸರು. ಸಂಘದ ಸದಸ್ಯರು ಪತ್ರಿಕೆಯನ್ನು ಓದುವುದು ಈ ತುದಿಯಿಂದ. ಉಪಾಧ್ಯಕ್ಷರ ಹೆಸರು ಜಂಟಿ ಕಾರ್ಯದರ್ಶಿಯ ಹೆಸರಿನ ನಂತರ ಬಂದರೆ ಎರಡು ದಿನ ಕ್ಯಾಂಟೀನಿನಲ್ಲಿ ಮಾತಿಲ್ಲ. ಹೆಸರೇ ಬಿಟ್ಟುಹೋದರೆ, ‘ನಾನೇನು ಮುಂತಾದವರೇ?’ ಎಂಬ ಪ್ರಶ್ನೆಗೆ ಮುಂದಿನ ಮಹಾಸಭೆಯಲ್ಲಿ ಉತ್ತರ ಕೊಡಬೇಕು. ಆದ್ದರಿಂದ ಅನುಭವಿ ಕಾರ್ಯದರ್ಶಿ, ಕಾರ್ಯಕ್ರಮಕ್ಕೆ ಬಂದವರ ಹೆಸರನ್ನು ಬರೆದುಕೊಳ್ಳುವ ಗೋಜಿಗೆ ಹೋಗದೆ ಮತದಾರರ ಪಟ್ಟಿಯನ್ನೇ ಎದುರಿಗಿಟ್ಟುಕೊಳ್ಳುತ್ತಾರೆ.

ಸ್ವಾಗತ ಮತ್ತು ಬೀಳ್ಕೊಡುಗೆ ವರ್ಷದ ಎರಡು ದೊಡ್ಡ ಹಬ್ಬಗಳು. ನ್ಯಾಯಾಧೀಶರ ವರ್ಗಾವಣೆ ಪಟ್ಟಿ ಬಂತೆಂದರೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಸಿದ್ಧವಾಗಬೇಕು. ಹೋಗುವವರು ಇಷ್ಟು ಸಹಕಾರ ಕೊಡುವ ವಕೀಲರನ್ನು ಬೇರೆಲ್ಲೂ ಕಂಡಿಲ್ಲವೆಂದು ಹೇಳುತ್ತಾರೆ. ಬರುವವರು, ಇಲ್ಲಿನ ವಕೀಲರ ಸಹಕಾರದ ಬಗ್ಗೆ ಕೇಳಿ ತಿಳಿದಿದ್ದೇನೆ ಎನ್ನುತ್ತಾರೆ. ಸತತ ಮೂರು ವಾಯಿದೆ ಕೇಳಿ ದಂಡ ಹಾಕಿಸಿಕೊಂಡ ವಕೀಲರೇ ಬೀಳ್ಕೊಡುಗೆಯಲ್ಲಿ ಎಲ್ಲರಿಗಿಂತ ಉದ್ದಕ್ಕೆ ಮಾತನಾಡುವುದು ವಾಡಿಕೆ. ಪೇಟ ಮಾತ್ರ ಸಂಘದ ಆಸ್ತಿ. ಫೋಟೊ ಮುಗಿದ ಮೇಲೆ ಅದು ಯಾರ ತಲೆಯಲ್ಲೂ ಉಳಿಯದಂತೆ ಕಾರ್ಯದರ್ಶಿ ನೋಡಿಕೊಳ್ಳುತ್ತಾರೆ, ಏಕೆಂದರೆ ಮಧ್ಯಾಹ್ನ ಎರಡೂವರೆಗೆ ಸ್ವಾಗತ ಸಮಾರಂಭವಿದೆ.

ಕಲಾಪದಿಂದ ಹೊರಗುಳಿಯುವ ದಿನ ಕಾರ್ಯದರ್ಶಿಯ ಗಾಂಭೀರ್ಯ ನೋಡಬೇಕು. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಹರೀಶ್ ಉಪ್ಪಲ್ ಪ್ರಕರಣದಲ್ಲಿ 2002ರಲ್ಲೇ ತೀರ್ಪಿತ್ತಿದೆ. ನ್ಯಾಯಪೀಠದ ಅಥವಾ ವಕೀಲ ಸಮುದಾಯದ ಘನತೆ, ಸ್ವಾತಂತ್ರ್ಯಗಳ ಪ್ರಶ್ನೆ ಬಂದ ಅಪರೂಪದಲ್ಲಿ ಅಪರೂಪದ ಸಂದರ್ಭಕ್ಕಷ್ಟೇ, ಅದೂ ಒಂದು ದಿನ ಮೀರದಂತೆ, ವಿನಾಯಿತಿ. ಈ ತೀರ್ಪನ್ನು ಪೂರ್ತಿ ಓದಿದವರು ಊರಿನಲ್ಲಿ ಯಾರಾದರೂ ಇದ್ದರೆ ಅವರು ಕಾರ್ಯದರ್ಶಿ. ಹಾಗೆಂದೇ ಇವರ ನಡಾವಳಿ ಪುಸ್ತಕದಲ್ಲಿ ಮುಷ್ಕರವೆಂಬುದು ಎಲ್ಲೂ ನಡೆದಿಲ್ಲ. ಸದಸ್ಯರು ಸ್ವಯಂಪ್ರೇರಿತರಾಗಿ, ಒಂದೇ ದಿನ, ಒಟ್ಟಿಗೆ ಹಾಜರಾಗದೆ ಉಳಿದಿದ್ದಾರೆ. ತಾಲ್ಲೂಕಿನ ಕಾರ್ಯದರ್ಶಿಗೆ ಸಿಗುವ ಕಾರಣಗಳು ಕಾವೇರಿ, ಮಹದಾಯಿ, ಪಕ್ಕದ ಊರಿನ ವಕೀಲರ ಮೇಲಿನ ಹಲ್ಲೆ, ಕಟ್ಟಡಕ್ಕೆ ಜಾಗ ಕೊಡದ ಕಂದಾಯ ಇಲಾಖೆ. ಉತ್ತರದ ಸಹೋದ್ಯೋಗಿಗಳ ಎದುರು ಇದು ಬಡತನವೇ ಸರಿ. ಕೇಂದ್ರ ಕಾನೂನು ಆಯೋಗ 2017ರ ತನ್ನ 266ನೇ ವರದಿಯಲ್ಲಿ ಪಟ್ಟಿ ಮಾಡಿರುವ ಬಹಿಷ್ಕಾರದ ಕಾರಣಗಳಲ್ಲಿ ಪಾಕಿಸ್ತಾನದ ಶಾಲೆಯ ಬಾಂಬ್ ಸ್ಫೋಟ, ಶ್ರೀಲಂಕಾದ ಸಂವಿಧಾನ ತಿದ್ದುಪಡಿ, ನೇಪಾಳದ ಭೂಕಂಪ, ಜೋರು ಮಳೆ, ಕವಿಸಮ್ಮೇಳನ ಇವೆಲ್ಲ ಸೇರಿವೆ. ಡೆಹ್ರಾಡೂನ್, ಹರಿದ್ವಾರ, ಉಧಮ್ ಸಿಂಗ್ ನಗರ ಜಿಲ್ಲೆಗಳಲ್ಲಿ ಶನಿವಾರಗಳ ಬಹಿಷ್ಕಾರ 35 ವರ್ಷಕ್ಕೂ ಹೆಚ್ಚು ಕಾಲ ನಡೆದು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಾನೂನುಬಾಹಿರವೆಂದಿತು. ಕವಿಸಮ್ಮೇಳನಗಳಿಗೇನೂ ಕೊರತೆಯಿಲ್ಲದ ಕರ್ನಾಟಕದಲ್ಲಿ ಈ ದಾರಿ ಯಾರಿಗೂ ಹೊಳೆಯದೆ ಹೋದದ್ದು ಆಶ್ಚರ್ಯ.

ಹೋರಾಟಗಳೆಲ್ಲ ಹುಸಿಯೆಂದು ತಿಳಿಯಬಾರದು. ಉತ್ತರ ಕರ್ನಾಟಕದ ವಕೀಲರು ಬಹುಕಾಲ ಪಟ್ಟು ಹಿಡಿದ ಮೇಲೆ 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳಾದವು, 2013ರಲ್ಲಿ ಅವು ಕಾಯಂ ಆದವು. ವಕೀಲರ ಮೇಲಿನ ಹಲ್ಲೆ ತಡೆಯುವ ರಾಜ್ಯದ ಕಾನೂನು 2023ರ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದದ್ದರ ಹಿಂದೆಯೂ ಬೀದಿಗಿಳಿದ ಕಪ್ಪು ಕೋಟುಗಳಿದ್ದವು. ಎರಡರಲ್ಲೂ ತಮ್ಮ ಸಂಘದ ಮನವಿಯೇ ನಿರ್ಣಾಯಕವಾಯಿತೆಂದು ಪ್ರತಿ ತಾಲ್ಲೂಕಿನ ಕಾರ್ಯದರ್ಶಿಯೂ ನಂಬುತ್ತಾರೆ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಪ್ಲಾಸ್ಟಿಕ್ ಫೈಲಿನಲ್ಲಿದೆ.

2024ರ ಜುಲೈ 1 ಇವರಿಗೆ ಕಷ್ಟಕಾಲ ತಂದಿತು. ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದು, ಕೊಲೆಯ 302 ಈಗ 103 ಆಯಿತು. ಊರಿನವರು ಬೈಗುಳವಾಗಿಯೂ ಬಳಸುತ್ತಿದ್ದ 420, 318ರೊಳಗೆ ಸೇರಿತು. ಸಂಘ ಕೂಡಲೇ ಕಾರ್ಯಾಗಾರ ನಡೆಸಿತು, ಹಳೆಯ-ಹೊಸ ಕಲಂಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿತು. ಎಲ್ಲಕ್ಕಿಂತ ಫಜೀತಿಯಾದದ್ದು 144ರದು. ಜನ ಗುಂಪು ಸೇರದಂತೆ ತಡೆಯುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಆ ಕಲಂ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ. 144ನೇ ಕಲಂ ಈಗ ಹೆಂಡತಿ, ಮಕ್ಕಳು, ತಂದೆತಾಯಿಯರ ಜೀವನಾಂಶದ್ದು. ‘ನಮ್ಮೂರಲ್ಲಿ 144 ಹಾಕಿದಾರಂತೆ’ ಎಂದು ಗಾಬರಿಯಾಗಿ ಬಂದವನಿಗೆ, ‘ಎಷ್ಟು ತಿಂಗಳ ಬಾಕಿ ಇಟ್ಟಿದ್ದೀಯಪ್ಪ?’ ಎಂದು ಕೇಳಿದವರಿದ್ದಾರೆ.

ರಾಷ್ಟ್ರೀಯ ಲೋಕ ಅದಾಲತ್ತಿನ ದಿನ ಕಾರ್ಯದರ್ಶಿ ಬೆಳಿಗ್ಗೆಯೇ ಕೋರ್ಟಿನ ಅಂಗಳದಲ್ಲಿರುತ್ತಾರೆ. ಚೆಕ್ ಬೌನ್ಸು, ಅಪಘಾತ ಪರಿಹಾರ, ಪಾಲುಪಟ್ಟಿ ರಾಜಿಯಾಗಿ ಮುಗಿಯುತ್ತವೆ. ಅಲ್ಲಿನ ಆದೇಶದ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ. ಇವೆರಡೂ ಕಕ್ಷಿದಾರನಿಗೆ ಒಳ್ಳೆಯವು, ವಕೀಲರಿಗೆ ಅಷ್ಟಲ್ಲ. ಪತ್ರಿಕೆಗೆ ಬೇಕಾದದ್ದು ವಿಚ್ಛೇದನಕ್ಕೆಂದು ಬಂದು ಒಂದಾದ ದಂಪತಿ. ಅವರಿಗೆ ಹಾರ ಬದಲಾಯಿಸಲು ಹೇಳಿ, ಸಿಹಿ ತಿನ್ನಿಸಿ, ನ್ಯಾಯಾಧೀಶರನ್ನು ನಡುವೆ ನಿಲ್ಲಿಸಿದಾಗ ಹಿಂದಿನ ಸಾಲಿನಲ್ಲಿ ಸ್ವಲ್ಪ ಎತ್ತರಕ್ಕೆ ಕಾಣುವ ಮುಖ ಕಾರ್ಯದರ್ಶಿಯದು. ದಂಪತಿಯ ಪರ ಯಾರು ವಕೀಲರು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ.

ಚುನಾವಣೆಗೆ ತಿಂಗಳಿರುವಾಗ ಸಂಘದ ಹಣಕಾಸು ಇದ್ದಕ್ಕಿದ್ದಂತೆ ಸುಧಾರಿಸುತ್ತದೆ. ಬಾಕಿ ಇದ್ದವರಿಗೆ ಮತವಿಲ್ಲವಾದ್ದರಿಂದ ವರ್ಷಗಟ್ಟಲೆ ನಿಂತ ಚಂದಾ ಒಂದೇ ವಾರದಲ್ಲಿ ಜಮೆಯಾಗುತ್ತದೆ. ಕಟ್ಟಿದವರು ಯಾರ ದುಡ್ಡು ಕಟ್ಟಿದರೆಂದು ಖಜಾಂಚಿ ಕೇಳುವುದಿಲ್ಲ. ಒಬ್ಬ ವಕೀಲನಿಗೆ ಒಂದೇ ಸಂಘದಲ್ಲಿ ಮತವೆಂಬ ತತ್ವವನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿದಿದೆ. ಒಂದು ಮತವನ್ನು ಎಷ್ಟು ಜನಕ್ಕೆ ಕೊಡುವುದಾಗಿ ಮಾತು ಕೊಡಬಹುದು ಎಂಬುದನ್ನು ಅದು ಮುಕ್ತವಾಗಿ ಬಿಟ್ಟಿದೆ. ಅಭ್ಯರ್ಥಿಗಳೆಲ್ಲ ಮತ ಎಣಿಕೆಗೆ ಮುಂಚೆ ಗೆದ್ದಿರುತ್ತಾರೆ. ಊರಿನ ಜಾತಿ ಲೆಕ್ಕ, ಸೀನಿಯರ್ ಕಚೇರಿಗಳ ಲೆಕ್ಕ, ಹೊಸಬರ ಲೆಕ್ಕ ಎಲ್ಲ ಹಾಕಿ ಕಾರ್ಯದರ್ಶಿ ಬರೆದ ಅಂಕಿ ಫಲಿತಾಂಶಕ್ಕೆ ಎರಡು ಮತದಷ್ಟು ಹತ್ತಿರ ಬರುತ್ತದೆ. ಇದೇ ಸೂಕ್ಷ್ಮ ವಾದಪತ್ರಗಳಲ್ಲಿ ಕಂಡಿದ್ದರೆ ಇವರು ಎಂದೋ ಹೈಕೋರ್ಟಿನಲ್ಲಿರುತ್ತಿದ್ದರು.

ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಿ ಮಹಿಳಾ ಪ್ರತಿನಿಧಿ ಎಂಬ ಸ್ಥಾನ ಬಹುಕಾಲ ಕೊನೆಯಲ್ಲಿತ್ತು. ಅದರ ಕರ್ತವ್ಯ ಪ್ರಾರ್ಥನೆ ಹಾಡುವುದು ಮತ್ತು ಆರತಿ ತಟ್ಟೆ ಹಿಡಿಯುವುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಗೆ ಮೀಸಲಿಡಲು ಆದೇಶಿಸಿತು. ತಾಲ್ಲೂಕುಗಳಲ್ಲಿ ಇದನ್ನು ತಾತ್ವಿಕವಾಗಿ ಸ್ವಾಗತಿಸಲಾಯಿತು. ಆತಂಕವೆಲ್ಲ ಶಾಮಿಯಾನದ ಬಿಲ್ಲಿನದು: ಹೆಣ್ಣುಮಗಳು ಖಜಾಂಚಿಯಾದರೆ ಲೆಕ್ಕ ನಿಜವಾಗಿಯೂ ಕೇಳಿಬಿಡಬಹುದು.

ಅವಧಿ ಮುಗಿದ ಮೇಲೂ ಕಾರ್ಯದರ್ಶಿ ನಿವೃತ್ತರಾಗುವುದಿಲ್ಲ. ‘ಮಾಜಿ ಪ್ರಧಾನ ಕಾರ್ಯದರ್ಶಿ’ ಎಂಬುದು ಕಚೇರಿಯ ಫಲಕದ ಮೇಲೆ ಬಿ.ಎ., ಎಲ್ಎಲ್.ಬಿ.ಗಿಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಹೊಸ ಕಾರ್ಯದರ್ಶಿ ಮೊದಲ ದಿನ ಬೀರುವಿನ ಬೀಗದ ಕೈ ಕೇಳುತ್ತಾರೆ, ಇವರು ಕೊಟ್ಟಾಗಿದೆ ಎನ್ನುತ್ತಾರೆ. ಮುಂದೆ ಶೋಕಸಭೆಯಿರಲಿ, ಡಿಸೆಂಬರ್ 3ರ ವಕೀಲರ ದಿನಾಚರಣೆಯಿರಲಿ, ವೇದಿಕೆಯ ಮೇಲೊಂದು ಕುರ್ಚಿ ಇವರಿಗೆ ಕಾಯಂ. ವಕೀಲರ ಕಾಯ್ದೆಯ 16ನೇ ಕಲಂ ವಕೀಲರಲ್ಲಿ ಎರಡೇ ವರ್ಗಗಳನ್ನು ಒಪ್ಪುತ್ತದೆ, ಹಿರಿಯ ವಕೀಲರು ಮತ್ತು ಇತರ ವಕೀಲರು. ಮಾಜಿ ಕಾರ್ಯದರ್ಶಿಗಳಿಗೆ ಮೂರನೆಯದೊಂದು ವರ್ಗ ಸೃಷ್ಟಿಸಬೇಕೆಂಬ ಮನವಿ ಇನ್ನೂ ಯಾವ ಸಂಘದಿಂದಲೂ ಹೋದಂತಿಲ್ಲ. ಆ ವರ್ಗ ಈಗಾಗಲೇ ಜಾರಿಯಲ್ಲಿದೆ.