ಕೀ ಕೊಡುವ ವಾಚು

ನನ್ನ ವಾಚಿಗೆ ಗಂಟೆ ತೋರಿಸುವುದೊಂದು ಬಿಟ್ಟರೆ ಬೇರೆ ವಿದ್ಯೆ ಬಾರದು. ತಾರೀಖು ಕೂಡ ಹೇಳುವುದಿಲ್ಲ. ಎಚ್‌ಎಂಟಿ ಜನತಾ. ಮದುವೆಯಲ್ಲಿ ಮಾವನವರು ಉಂಗುರ, ಸೂಟಿನ ಜೊತೆ ಕೊಟ್ಟದ್ದು. ಉಂಗುರ ಈಗ ಬೆರಳಿಗೆ ಏರುವುದಿಲ್ಲ, ಸೂಟಿನ ವಿಷಯ ಎತ್ತದಿರುವುದೇ ಲೇಸು. ವಾಚು ಮಾತ್ರ ಬೆಲ್ಟಿನಲ್ಲಿ ಒಂದು ತೂತು ಆಚೆ ಸರಿದು ನನ್ನೊಂದಿಗೆ ಹೊಂದಿಕೊಂಡು ಹೋಗುತ್ತಿದೆ.

ಬೆಳಿಗ್ಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅದಕ್ಕೆ ಕೀ ಕೊಡುತ್ತೇನೆ. ಹೆಬ್ಬೆರಳು, ತೋರುಬೆರಳ ನಡುವೆ ತಿರುಪು ಹಿಡಿದು ಹಿಂದೆ ಮುಂದೆ ಆಡಿಸಿದರೆ ಕರ್ ಕರ್ ಎನ್ನುತ್ತದೆ. ಮೊದಲು ಸಲೀಸು, ಬರುಬರುತ್ತ ಬಿಗಿ, ಆಮೇಲೆ ‘ಸಾಕು’ ಎಂದು ನಿಂತೇಬಿಡುತ್ತದೆ. ಒಬ್ಬಟ್ಟಿನ ಮುಂದೆ ಕೂತಾಗ ನನಗೆ ಎಂದೂ ಬಾರದ ಶಿಸ್ತು ಅದು. ಒಳಗಿರುವುದು ಸುತ್ತಿಟ್ಟ ಒಂದು ಸ್ಪ್ರಿಂಗು, ಒಂದಷ್ಟು ಹಲ್ಲುಚಕ್ರಗಳು, ಅವುಗಳ ಅಚ್ಚು ಸವೆಯದಿರಲೆಂದು 17 ಕೆಂಪು ಹರಳುಗಳು. ಸೆಕೆಂಡಿಗೆ 5 ಬಡಿತ. ಬೆಳಿಗ್ಗೆ ಕೊಟ್ಟ ಕೀ ಮರುದಿನ ಬೆಳಗಿನವರೆಗೆ ಧಾರಾಳ. ನಾನು ಅದಕ್ಕೆ ಮಾಡುವ ಚಾಕರಿ ಇಷ್ಟೇ.

ಅಳಿಯನಿಗೆ ಮಾವ ವಾಚು ಕೊಡುವ ಕಾಲ ಹೋಗಿ, ಮಾವನಿಗೆ ಅಳಿಯ ಕೊಡುವ ಕಾಲ ಬಂದಿದೆ. ದೀಪಾವಳಿಗೆ ಬಂದ ನಮ್ಮ ಅಳಿಯಂದಿರು ಒಂದು ಸ್ಮಾರ್ಟ್ ವಾಚು ತಂದರು.

“ಮಾವ, ಇದರಲ್ಲಿ ಎಷ್ಟೊಂದು ಫೀಚರ್ ಇದೆ ಗೊತ್ತಾ?”

“ಟೈಮು ತೋರಿಸುತ್ತೇನಪ್ಪ?”

“ಕೈ ಎತ್ತಿದರೆ ತೋರಿಸುತ್ತೆ.”

ಮೇಷ್ಟರ ಮುಂದೆ ಕೈ ಎತ್ತುವುದು ನಿಂತು ಎಷ್ಟೋ ಕಾಲವಾಗಿತ್ತು. ಮತ್ತೆ ಶುರುವಾಯಿತು. ಇದು ಸಾಧಾರಣ ಮೇಷ್ಟರೂ ಅಲ್ಲ. ಒಂದು ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಿದ್ದೇನೆ. ಪಾಯಸ ಎರಡನೇ ಸುತ್ತು ಬರುತ್ತಿದೆ. ಮಣಿಕಟ್ಟಿನಲ್ಲಿ ಜೇನು ಹೊಕ್ಕಂತೆ ಗುಂಯ್ ಎಂದಿತು. ನೋಡಿದರೆ, ‘ಬಹಳ ಹೊತ್ತು ಕೂತಿದ್ದೀರಿ, ಎದ್ದು ನಿಲ್ಲಿ!’ ಪಂಕ್ತಿಯ ಮಧ್ಯೆ ಎದ್ದರೆ ಬೀಗರು ಏನಂದುಕೊಂಡಾರು? ಪಾಯಸದವನಂತೂ ನನ್ನ ಎಲೆ ದಾಟಿಕೊಂಡೇ ಹೋಗುತ್ತಾನೆ.

ಶಿವಮೊಗ್ಗದ ಬಸ್ಸು ತುಮಕೂರು ದಾಟುತ್ತಿದ್ದಂತೆ ‘ನೀರು ಕುಡಿಯಿರಿ’ ಎಂದಿತು. ಹೇಳುವುದಕ್ಕೇನು, ತಿಪಟೂರಿನವರೆಗೆ ತಡೆದುಕೊಳ್ಳಬೇಕಾದವನು ನಾನು ತಾನೆ? ಇನ್ನು ನಿದ್ರೆಗೂ ಅಂಕವಿದೆ. ರಾತ್ರಿ ಸೊಗಸಾಗಿ ಮಲಗಿ ಎದ್ದವನಿಗೆ, ನಿಮ್ಮ ನಿದ್ರೆ ನೂರಕ್ಕೆ 58 ಎಂದಿತು. ಅಲ್ಲಿಂದ ಮಧ್ಯಾಹ್ನದವರೆಗೆ ಆಕಳಿಕೆ. ಗುಣಮಟ್ಟದ ನಿದ್ರೆ ಮಾಡಬೇಕೆಂಬ ಚಿಂತೆಯಲ್ಲಿ ಮಾರನೆಯ ರಾತ್ರಿ ಕಣ್ಣೇ ಮುಚ್ಚಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾಟ ದಿನಕ್ಕೆ 10,000 ಹೆಜ್ಜೆ. ಯಾವ ವೈದ್ಯರು ಯಾವ ಪ್ರಯೋಗಶಾಲೆಯಲ್ಲಿ ಕಂಡುಹಿಡಿದರೋ ಎಂದು ಭಯಭಕ್ತಿಯಿಂದ ನಡೆಯುವವರು ಇದನ್ನು ಕೇಳಬೇಕು. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟು, ಕಿವಿಗೆ ಇಂಪಾಗಿರಲೆಂದು ಅದರ ಹೆಸರಿಗೇ ಈ ಹತ್ತು ಸಾವಿರವನ್ನು ಅಂಟಿಸಿತು. ಅಂದಿನಿಂದ ಲೋಕವೇ ಅಂಗಡಿಯವನ ಲೆಕ್ಕಕ್ಕೆ ನಡೆಯುತ್ತಿದೆ. ನಮ್ಮ ಮನೆಯಲ್ಲಿ ಅದರ ಗುಟ್ಟು ರಟ್ಟು ಮಾಡಿದವಳು ನನ್ನ ಹೆಂಡತಿ. ಆ ವಾಚು ಕಟ್ಟಿಕೊಂಡು ತುರಿಮಣೆಯ ಮೇಲೆ ಕೂತು ಎರಡು ಹೋಳು ಕಾಯಿ ತುರಿದು ಎದ್ದಳು ನೋಡಿ, ಲೆಕ್ಕ ಸರ್ರನೆ ಮೇಲೇರಿತ್ತು. ಕೂತಲ್ಲೇ ವಾಕಿಂಗ್ ಆಗಿ ಚಟ್ನಿಯೂ ಆಯಿತು. ಅದರ ಫೀಚರುಗಳಲ್ಲಿ ಪ್ರಯೋಜನಕ್ಕೆ ಬಂದದ್ದು ಇದೊಂದೇ.

ಜಪಾನಿನ ಮೇಲೆ ನನಗೆ ಸಿಟ್ಟಿಲ್ಲ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಗೆ ವಾಚು ಮಾಡುವುದನ್ನು ಕಲಿಸಿದ್ದೂ ಜಪಾನಿನ ಸಿಟಿಜನ್ ಕಂಪನಿಯೇ. ಮುಂದೆ ತುಮಕೂರಿನಲ್ಲೂ ಕಾರ್ಖಾನೆಯಾಯಿತು. ವರನ ಕೈಗೆ ಎಚ್‌ಎಂಟಿ ಇಲ್ಲದಿದ್ದರೆ ಬೀಗರ ಮುಖ ಸಣ್ಣಗಾಗುತ್ತಿದ್ದ ಕಾಲವಿತ್ತು. ಬ್ಯಾಟರಿ ವಾಚು ಬಂತು, ಮೊಬೈಲು ಬಂತು, 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆ ಸುದ್ದಿ ಓದಿದ ದಿನವೂ ನಾನು ವಾಚಿಗೆ ಕೀ ಕೊಟ್ಟೆ, ಅದೂ ಎಂದಿನಂತೆ ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿತ್ತು. ಆ ಅರ್ಧ ನಿಮಿಷದಿಂದ ನನಗೆ ಇದುವರೆಗೆ ಯಾವ ಬಸ್ಸೂ ತಪ್ಪಿಲ್ಲ. ನಮ್ಮ ಬಸ್ಸುಗಳು ಅದಕ್ಕಿಂತ ಉದಾರಿಗಳು.

ಸ್ಮಾರ್ಟ್ ವಾಚು ಈಗ ಕಪಾಟಿನಲ್ಲಿ, ಮಿಕ್ಸಿಯ ಮೂರನೇ ಜಾರಿನ ಪಕ್ಕದಲ್ಲಿದೆ. ಅಳಿಯಂದಿರಿಗೆ ಬೇಸರವಾದೀತೆಂದು ಅಳುಕಿತ್ತು. ಯುಗಾದಿಗೆ ಬಂದವರು ನನ್ನ ಜನತಾವನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿಸಿಕೊಂಡು, “ಆಹಾ, ಎಂಥ ಸರಳತೆ ಮಾವ!” ಎಂದು ತಲೆದೂಗಿದರು. ಗೆದ್ದೆ ಎಂದುಕೊಂಡೆ. ಬೆಂಗಳೂರಿಗೆ ಹೋದವರೇ ಹಳೇ ಎಚ್‌ಎಂಟಿಗಳನ್ನು ಹುಡುಕಲು ಹತ್ತಿದರು. ಜನತಾ ಬಿಳಿ, ಜನತಾ ಕಪ್ಪು, ಪೈಲಟ್, ಕೊಹಿನೂರ್ ಎಂದು ಏಳು ಕೂಡಿಹಾಕಿದ್ದಾರೆ. ಅವನ್ನಿಡಲು ಮಖಮಲ್ಲಿನ ಪೆಟ್ಟಿಗೆ ಬೇರೆ. ಮೊನ್ನೆ ಮಗಳು ಫೋನಿನಲ್ಲಿ ಹೇಳಿದಳು: ಏಳಕ್ಕೂ ಕೀ ಕೊಡುವುದು ಮರೆತುಹೋಗದಿರಲಿ ಎಂದು ಇವರು ಬೆಳಿಗ್ಗೆ ಆರೂವರೆಗೆ ಸ್ಮಾರ್ಟ್ ವಾಚಿನಲ್ಲಿ ರಿಮೈಂಡರ್ ಇಟ್ಟುಕೊಂಡಿದ್ದಾರಂತೆ.