ಪಿಸಿಎಂಬಿ ಉವಾಚ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಪಿಸಿಎಂಬಿಯವರನ್ನು ಹಿಡಿಯುವುದು ಮಂತ್ರಿಗಳನ್ನು ಹಿಡಿದಷ್ಟೇ ಕಷ್ಟ. ಆದರೂ ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ, ಅಡ್ಮಿಷನ್ ಕೌಂಟರಿಗೂ ಜೆರಾಕ್ಸ್ ಅಂಗಡಿಗೂ ನಡುವಿನ ಮೆಟ್ಟಿಲ ಮೇಲೆ, ಸರ್ವರ್ ಡೌನ್ ಆದ ಪುಣ್ಯದಿಂದ ಸಿಕ್ಕರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಂದು ಅವರಿಗೆ ನಾಲ್ಕು ತಲೆ. ಬ್ರಹ್ಮನಿಗೂ ಅಷ್ಟೇ. ಹಣೆಬರಹ ಬರೆಯುವ ಗುತ್ತಿಗೆಯೂ ಈಚೆಗೆ ಇವರಿಗೇ ಸಿಕ್ಕಿದೆ ಎಂಬುದು ತಂದೆತಾಯಿಯರ ನಂಬಿಕೆ.

ಪ್ರಶ್ನೆ: ನಮಸ್ಕಾರ. ಎರಡು ಮಾತಾಡಬಹುದೇ?

ಪಿಸಿಎಂಬಿ: ಸರ್ವರ್ ಏಳುವವರೆಗೆ ಆಡಬಹುದು. ಎಷ್ಟು ಪರ್ಸೆಂಟು?

ಪ್ರಶ್ನೆ: ಯಾರದು?

ಪಿಸಿಎಂಬಿ: ನಿಮ್ಮದೇ, ಎಸ್ಸೆಸ್ಸೆಲ್ಸಿಯದು. ಅದನ್ನು ಕೇಳದೆ ನಾನು ಯಾರ ಹತ್ತಿರವೂ ಮಾತು ಶುರು ಮಾಡುವುದಿಲ್ಲ. ಇಲ್ಲಿ ಕಟಾಫ್ 95.

ಪ್ರಶ್ನೆ: ನನ್ನದು 61. ಆಗಿನ ಕಾಲದ 61.

ಪಿಸಿಎಂಬಿ: ಆರ್ಟ್ಸ್ ಕೌಂಟರ್ ಆ ಕಡೆ.

ಪ್ರಶ್ನೆ: ನಾನು ಅಡ್ಮಿಷನ್‌ಗೆ ಬಂದವನಲ್ಲ, ಪತ್ರಕರ್ತ.

ಪಿಸಿಎಂಬಿ: ಅದನ್ನೇ ನಾನೂ ಹೇಳಿದ್ದು.

ಪ್ರಶ್ನೆ: ಇರಲಿ. ಮಕ್ಕಳು ನಿಮ್ಮನ್ನೇ ಯಾಕೆ ಆರಿಸಿಕೊಳ್ಳುತ್ತಾರೆ?

ಪಿಸಿಎಂಬಿ: ಮಕ್ಕಳು ಅಂತ ಯಾರು ಹೇಳಿದರು? ಅಗೋ, ಆ ಅರ್ಜಿಗಳ ಕಟ್ಟು ತೆಗೆದು ನೋಡಿ. ಹೆಸರು, ಹುಟ್ಟಿದ ತಾರೀಖು, ವಿಳಾಸ ಎಲ್ಲ ಮಗುವಿನ ದುಂಡು ಅಕ್ಷರದಲ್ಲಿದೆ. ಕಾಂಬಿನೇಷನ್ ಅನ್ನುವ ಜಾಗಕ್ಕೆ ಬಂದಾಗ ಅಕ್ಷರ ಬದಲಾಗುತ್ತದೆ. ಅದು ಅಪ್ಪಂದು. ಬಾಲ್‌ಪೆನ್ನನ್ನು ಎಷ್ಟು ಒತ್ತಿ ಬರೆದಿದ್ದಾರೆ ಎಂದರೆ ಕೆಳಗಿನ ಹಾಳೆಯ ಮೇಲೂ ಮೂಡಿದೆ. ‘ಎರಡನೇ ಆಯ್ಕೆ’ ಅಂತ ಇನ್ನೊಂದು ಕಾಲಂ ಇದೆಯಲ್ಲ, ಅಲ್ಲೂ ನನ್ನ ಹೆಸರೇ. ಮೂರನೆಯದರಲ್ಲಿ ಒಂದು ಗೆರೆ.

ಪ್ರಶ್ನೆ: ನಿಮ್ಮನ್ನು ತೆಗೆದುಕೊಂಡರೆ ಎಲ್ಲ ಬಾಗಿಲೂ ತೆರೆದಿರುತ್ತದೆ ಅನ್ನುತ್ತಾರೆ.

ಪಿಸಿಎಂಬಿ: ಸುಳ್ಳಲ್ಲ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಬೇಕು. ಮೆಡಿಕಲ್‌ಗೆ ಜೀವಶಾಸ್ತ್ರ ಬೇಕು. ಕೃಷಿ ಬಿಎಸ್ಸಿ, ಪಶುವೈದ್ಯಕ್ಕೂ ಅದು ಬೇಕು. ಎನ್‌ಡಿಎ ಬರೆದು ವಾಯುಪಡೆ, ನೌಕಾಪಡೆಗೆ ಹೋಗುತ್ತೇನೆ ಅನ್ನುವವರಿಗೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರವೂ ಗಣಿತವೂ ಇರಲೇಬೇಕು. ಇಷ್ಟೂ ನನ್ನಲ್ಲಿದೆ. ಆದರೆ ಬಾಗಿಲು ತೆರೆದಿಡುವುದಕ್ಕೂ ಬಾಡಿಗೆ ಇದೆ ಸ್ವಾಮಿ. ನಾಲ್ಕು ಬಾಗಿಲು ತೆರೆದಿಟ್ಟ ಹುಡುಗ ನಾಲ್ಕು ಪರೀಕ್ಷೆಗೆ ಓದಬೇಕು: ಬೋರ್ಡು, ಸಿಇಟಿ, ನೀಟ್, ಜೆಇಇ. 2017ಕ್ಕೆ ಮುಂಚೆ ನಮ್ಮ ರಾಜ್ಯದ ಸೀಟಿಗೆ ಒಂದು ಸಿಇಟಿ ಬರೆದರೆ ಡಾಕ್ಟರಿಕೆಗೂ ಆಯಿತು, ಎಂಜಿನಿಯರಿಂಗ್‌ಗೂ ಆಯಿತು. ಆಗ ನಾನು ನಿಜಕ್ಕೂ ಲಾಭದ ವ್ಯವಹಾರ. ಆಮೇಲೆ ನೀಟ್ ಬಂತು. ಲೆಕ್ಕ ಬೇರೆ ಬೇರೆಯಾಯಿತು, ಜನ ಮಾತ್ರ ಹಳೆಯ ಲೆಕ್ಕವನ್ನೇ ಹಿಡಿದು ಕೂತಿದ್ದಾರೆ.

ಪ್ರಶ್ನೆ: ಆ ಹೊಸ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಪಿಸಿಎಂಬಿ: ಹೇಳುತ್ತೇನೆ, ಪೆನ್ನು ತೆಗೀರಿ. ದ್ವಿತೀಯ ಪಿಯುಸಿಗೆ 600 ಅಂಕ. ಅದರಲ್ಲಿ ಎರಡು ಭಾಷೆಗೆ 200. ಸಿಇಟಿಯವರು ಎಂಜಿನಿಯರಿಂಗ್ ರ್‍ಯಾಂಕ್ ಹಾಕುವಾಗ ನೋಡುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮಾತ್ರ. ಪಿಯುಸಿಯ ಅಂಕದಿಂದ ಅರ್ಧ, ಸಿಇಟಿಯಿಂದ ಅರ್ಧ. ಪಿಯುನಲ್ಲಿ 300ಕ್ಕೆ 285 ತೆಗೆದವನು ಸಿಇಟಿಯಲ್ಲಿ 180ಕ್ಕೆ 90 ತೆಗೆದರೆ, 95ನ್ನೂ 50ನ್ನೂ ಕೂಡಿಸಿ ಎರಡರಿಂದ ಭಾಗಿಸಿ: 72.5. ಓಣಿಯಲ್ಲೆಲ್ಲ ಹಂಚಿದ್ದ ಪೇಡ ಇಲ್ಲಿಗೆ ಬರುವಷ್ಟರಲ್ಲಿ ಕರಗಿರುತ್ತದೆ. ನೀಟ್‌ನವರಿಗೆ ಪಿಯು ಅಂಕವೇ ಬೇಡ. ಸಾಮಾನ್ಯ ವರ್ಗದವರಾದರೆ ಭೌತ, ರಸಾಯನ, ಜೀವ ಮೂರೂ ಸೇರಿ ಶೇ 50 ಬಂದಿದೆಯಾ ಅಂತ ನೋಡುತ್ತಾರೆ, ಮಿಕ್ಕದ್ದು ಆ 720ರ ಮೇಲೆ. ನನ್ನ ಗಣಿತ ಅವರ ಮನೆ ಹೊಸ್ತಿಲನ್ನೂ ತುಳಿಯುವ ಹಾಗಿಲ್ಲ. ಜೆಇಇಯವರಿಗೆ ಜೀವಶಾಸ್ತ್ರದ ಮುಖ ಕಂಡರಾಗುವುದಿಲ್ಲ. ಹೀಗಾಗಿ ನನ್ನೊಳಗೆ ಎಂ ಮತ್ತು ಬಿ ಪರಸ್ಪರ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ಒಂದೇ ಮನೆ, ಎರಡು ಒಲೆ.

ಪ್ರಶ್ನೆ: ಎರಡರಲ್ಲಿ ಒಂದನ್ನು ಬಿಡಬಹುದಲ್ಲ?

ಪಿಸಿಎಂಬಿ: ಇದನ್ನು ಹುಡುಗಿಯ ಅಮ್ಮನಿಗೆ ಹೇಳಿ ನೋಡಿ. ‘ನೀಟ್ ಆಗಲಿಲ್ಲ ಅಂದರೆ?’ ಅನ್ನುತ್ತಾರೆ. ತಪ್ಪಿಲ್ಲ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ದೇಶದಲ್ಲಿ ಎಂಬಿಬಿಎಸ್ ಸೀಟು ಇದ್ದದ್ದು ಒಂದು ಲಕ್ಷದ ಆಸುಪಾಸು. ಭಯಕ್ಕೆ ಕಾರಣವಿದೆ. ಆದರೆ ಭಯಕ್ಕೆ ಔಷಧಿ ಎಂದು ಎರಡು ವರ್ಷ ಗಣಿತ ಕುಡಿಸುತ್ತಾರೆ. ಆ ಹುಡುಗಿ ಇಂಟಿಗ್ರಲ್ ಲೆಕ್ಕ ಮಾಡುತ್ತಾ ನೀಟ್‌ನ ಟೈಮ್ ಹೋಯಿತು ಅಂತ ಅಳುತ್ತಾಳೆ, ಸಸ್ಯಶಾಸ್ತ್ರ ಓದುತ್ತಾ ಸಿಇಟಿಯ ಟೈಮ್ ಹೋಯಿತು ಅಂತ ಅಳುತ್ತಾಳೆ. ಇದಕ್ಕೆ ‘ಸೇಫರ್ ಸೈಡು’ ಅಂತ ಹೆಸರು.

ಪ್ರಶ್ನೆ: ನಿಮ್ಮ ಕಸಿನ್ ಪಿಸಿಎಂಸಿ ಬಗ್ಗೆ ಏನು ಹೇಳುತ್ತೀರಿ? ಈಗ ಅವರ ಕಾಲ ಅನ್ನುತ್ತಾರೆ.

ಪಿಸಿಎಂಬಿ: ಒಳ್ಳೆಯ ಹುಡುಗ. ಆದರೆ ಪಾಪ, ಅವನ ಕಥೆ ಕೇಳಿ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೀಟು ಬೇಕು ಅಂತ ಅವನನ್ನು ತೆಗೆದುಕೊಳ್ಳುತ್ತಾರೆ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನುವ ಪತ್ರಿಕೆಯೇ ಇಲ್ಲ. ಕಂಪ್ಯೂಟರಿಗೆ ನೂರಕ್ಕೆ ನೂರು ತೆಗೆದವನೂ ರಸಾಯನಶಾಸ್ತ್ರದಲ್ಲಿ ಮುಗ್ಗರಿಸಿದರೆ ಸಿವಿಲ್ಲಿಗೆ ಹೋಗಬೇಕು. ನೂರು ಬಂತು ಅಂತ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಳ್ಳಬಹುದು, ಅಷ್ಟೆ. ಇನ್ನೊಬ್ಬ ದಾಯಾದಿ ಎಲೆಕ್ಟ್ರಾನಿಕ್ಸ್ ಇದ್ದ, ಪಿಸಿಎಂಇ. ಒಂದು ಕಾಲಕ್ಕೆ ರಾಜನ ಹಾಗೆ ಮೆರೆದವನು. ಈಗ ಎಷ್ಟೋ ಕಾಲೇಜಿನಲ್ಲಿ ಅವನ ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಅಟೆಂಡರಿಗೂ ಗೊತ್ತಿಲ್ಲ.

ಪ್ರಶ್ನೆ: ಭಾಷೆಯ 200 ಅಂಕ ಯಾರಿಗೂ ಬೇಡ ಅಂದಿರಿ...

ಪಿಸಿಎಂಬಿ: ರ್‍ಯಾಂಕಿಗೆ ಬೇಡ, ಪರ್ಸೆಂಟೇಜಿಗೆ ಬೇಕು. ಎನ್‌ಐಟಿಗೆ ಹೋಗುವ ಸಾಮಾನ್ಯ ವರ್ಗದವರಿಗೆ ಹನ್ನೆರಡನೇ ತರಗತಿಯಲ್ಲಿ ಶೇ 75 ಇರಬೇಕು ಅನ್ನುವ ನಿಯಮ ಇದೆಯಲ್ಲ, ಅಂಥ ಹೊತ್ತಿನಲ್ಲಿ ಭಾಷೆಯ ಮೇಲೆ ಇದ್ದಕ್ಕಿದ್ದ ಹಾಗೆ ಅಭಿಮಾನ ಉಕ್ಕುತ್ತದೆ. ಬೆಂಗಳೂರಿನ ಮಕ್ಕಳಿಗೆ ಸಂಸ್ಕೃತದ ಮೇಲೆ ಇಷ್ಟು ಪ್ರೀತಿ ಹೇಗೆ ಬಂತು ಅಂತ ನೀವೇ ಒಂದು ಲೇಖನ ಬರೆಯಬಹುದು. ಬಹುಪಾಲು ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು ಎಂಬುದಕ್ಕೂ ಆ ಪ್ರೀತಿಗೂ ಸಂಬಂಧ ಇದೆ ಅನ್ನುವವರು ಕಿಡಿಗೇಡಿಗಳು. ಕನ್ನಡ ತೆಗೆದುಕೊಂಡರೆ ‘ಸ್ಕೋರಿಂಗ್ ಅಲ್ಲ’ ಅನ್ನುತ್ತಾರೆ. ಮನೆಯಲ್ಲಿ ಆಡುವ ಮಾತು ಪರೀಕ್ಷೆಯಲ್ಲಿ ಕೈಕೊಡುತ್ತದೆ ಅಂತ ಭಯ.

ಪ್ರಶ್ನೆ: ‘ಇಂಟಿಗ್ರೇಟೆಡ್’ ಅಂತ ಒಂದು ಬೋರ್ಡು ನೋಡಿದೆ. ಅದು ಏನು?

ಪಿಸಿಎಂಬಿ: ಮೆಲ್ಲಗೆ ಮಾತಾಡಿ, ಅವರೇ ನನಗೆ ಅನ್ನ ಹಾಕುವವರು. ಕಾಲೇಜು ಮತ್ತು ಕೋಚಿಂಗ್ ಒಂದೇ ಕಟ್ಟಡದಲ್ಲಿ. ಬೆಳಗ್ಗೆ ಒಬ್ಬರು ಪಾಠ ಮಾಡಿದ್ದನ್ನು ಮಧ್ಯಾಹ್ನ ಇನ್ನೊಬ್ಬರು ‘ಅದು ಬೋರ್ಡಿಗೆ ಮಾತ್ರ, ಮರೆತುಬಿಡಿ’ ಅನ್ನುತ್ತಾರೆ. ಇದರಲ್ಲಿ ಮಜಾ ಇರುವುದು ಮೊದಲ ವರ್ಷದ್ದು. ಪ್ರಥಮ ಪಿಯುಸಿಯ ಅಂಕವನ್ನು ಜಗತ್ತಿನಲ್ಲಿ ಯಾರೂ ಕೇಳುವುದಿಲ್ಲ, ಪಾಸಾದರೆ ಸಾಕು. ಆದರೆ ಸಿಇಟಿ, ನೀಟ್, ಜೆಇಇ ಮೂರೂ ಆ ವರ್ಷದ ಪಾಠದಿಂದ ಪ್ರಶ್ನೆ ಕೇಳುತ್ತವೆ. ಹತ್ತನೇ ತರಗತಿ ಮುಗಿಸಿ ‘ಒಂದು ವರ್ಷ ರೆಸ್ಟ್ ತಗೋತೀನಿ’ ಅಂದುಕೊಂಡ ಹುಡುಗ ಎರಡನೇ ವರ್ಷದ ಜನವರಿಯಲ್ಲಿ ಎರಡೂ ಪುಸ್ತಕ ಮುಂದಿಟ್ಟುಕೊಂಡು ಕೂತಿರುತ್ತಾನೆ. ಯಾವ ಪಾಠ ಇದೆ, ಯಾವುದು ಕೈಬಿಟ್ಟಿದೆ ಅನ್ನುವುದು ದೊಡ್ಡವರಿಗೇ ಗೊತ್ತಿರುವುದಿಲ್ಲ. 2024ರ ಸಿಇಟಿಯಲ್ಲಿ ಪಠ್ಯದಿಂದ ತೆಗೆದುಹಾಕಿದ ಪಾಠಗಳಿಂದಲೇ ಪ್ರಶ್ನೆ ಬಂದು, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಬಿಡಬೇಕಾಯಿತು. ಓದದವರು ಆವತ್ತು ಕಾಲರ್ ಎತ್ತಿಕೊಂಡು ಓಡಾಡಿದರು.

(ಕೌಂಟರಿನಲ್ಲಿ ಗಲಾಟೆ. 611 ಅಂಕದ ಹುಡುಗಿಯೊಬ್ಬಳು ಅರ್ಜಿಯಲ್ಲಿ ಎಚ್‌ಇಪಿಎಸ್ ಅಂತ ಬರೆದಿದ್ದಾಳೆ. ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, ‘625ಕ್ಕೆ 611 ಇಟ್ಟುಕೊಂಡು ಆರ್ಟ್ಸ್ ಯಾಕಮ್ಮ, ಮನೇಲಿ ಏನಾದ್ರೂ ತೊಂದರೆನಾ?’ ಎಂದು ಕೇಳುತ್ತಿದ್ದಾರೆ. ಅಪ್ಪ ವೈಟ್ನರ್ ಹುಡುಕುತ್ತಿದ್ದಾರೆ.)

ಪ್ರಶ್ನೆ: ಇದನ್ನು ನೋಡಿದರೆ ನಿಮಗೆ ಏನನ್ನಿಸುತ್ತದೆ?

ಪಿಸಿಎಂಬಿ: ನನ್ನ ಮರ್ಯಾದೆ ಉಳಿಯಿತು ಅನ್ನಿಸುತ್ತದೆ. ವೈಟ್ನರ್ ಸಿಗುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಈ ಸೀಸನ್ನಿಗೆ ಅಂತಲೇ ಇಟ್ಟಿರುತ್ತಾರೆ. ನಿಜ ಹೇಳಲಾ? ಆ ಹುಡುಗಿ ಲಾಯರ್ ಆಗಬೇಕೆಂದಿದ್ದರೆ ನನ್ನ ಅಗತ್ಯವೇ ಇಲ್ಲ. ಕ್ಲ್ಯಾಟ್ ಬರೆಯುವುದಕ್ಕೆ ಯಾವ ಕಾಂಬಿನೇಷನ್ ಆದರೂ ನಡೆಯುತ್ತದೆ. ಸಿಎ ಫೌಂಡೇಷನ್ನಿಗೂ ಅಷ್ಟೆ. ಆದರೆ ನಮ್ಮಲ್ಲಿ ಮಾರ್ಕ್ಸ್ ಎಷ್ಟು ಅಂತ ಕೇಳಿ ಕಾಂಬಿನೇಷನ್ ಹಂಚುತ್ತಾರೆ, ಕಾಂಬಿನೇಷನ್ ನೋಡಿ ಬುದ್ಧಿ ಎಷ್ಟು ಅಂತ ಅಳೆಯುತ್ತಾರೆ. ಇದೊಂದು ಹೊಸ ಜಾತಿ. ನಾನು ಮೇಲೆ, ಕಾಮರ್ಸಿನ ಸಿಇಬಿಎ ಮಧ್ಯ, ಎಚ್‌ಇಪಿಎಸ್ ಊರಾಚೆ.

ಪ್ರಶ್ನೆ: ಹಾಗಾದರೆ ಯಾರು ಬೇಕಾದರೂ ಏನು ಬೇಕಾದರೂ ತೆಗೆದುಕೊಳ್ಳಬಹುದು?

ಪಿಸಿಎಂಬಿ: ಹಾಗೂ ಅಲ್ಲ, ಭಾವುಕರಾಗಬೇಡಿ. ಕೆಲವು ಬಾಗಿಲು ಒಮ್ಮೆ ಮುಚ್ಚಿದರೆ ಮುಚ್ಚಿದ ಹಾಗೇ. ಕಾಮರ್ಸಿನಲ್ಲಿ ‘ಬೇಸಿಕ್ ಮ್ಯಾತ್ಸ್’ ಇದೆ, ಅದೂ ಮ್ಯಾತ್ಸೇ ತಾನೆ, ಬೇಕಾದರೆ ಆಮೇಲೆ ಎಂಜಿನಿಯರಿಂಗ್ ನೋಡೋಣ ಅಂದುಕೊಳ್ಳುವವರು ಪ್ರತಿವರ್ಷ ಬರುತ್ತಾರೆ. ಹೆಸರಲ್ಲಿ ಮ್ಯಾತ್ಸ್ ಇದ್ದ ಮಾತ್ರಕ್ಕೆ ಆಗಲಿಲ್ಲ, ಭೌತಶಾಸ್ತ್ರ ಎಲ್ಲಿ? ಜೀವಶಾಸ್ತ್ರ ಬಿಟ್ಟವರಿಗೆ ಮಾತ್ರ ಈಚೆಗೆ ಒಂದು ಕಿಂಡಿ ತೆರೆದಿದೆ: ಹನ್ನೆರಡನೇ ತರಗತಿ ಮುಗಿಸಿ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯಲು ಅವಕಾಶ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿತು. ಇದನ್ನು ಇಲ್ಲಿ ಯಾರಿಗೂ ಹೇಳಬೇಡಿ, ನನ್ನ ಮಾರ್ಕೆಟ್ ಬೀಳುತ್ತದೆ.

ಪ್ರಶ್ನೆ: ಅಂದರೆ ಸೀಟು ನಿಮ್ಮ ಕೈಯಲ್ಲೇ ಇದೆ?

ಪಿಸಿಎಂಬಿ: ಅರ್ಧ ನನ್ನ ಕೈಯಲ್ಲಿ, ಅರ್ಧ ಒಂದನೇ ಕ್ಲಾಸಿನ ಮೇಷ್ಟ್ರ ಕೈಯಲ್ಲಿ. ನಗಬೇಡಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15 ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ರಾಜ್ಯದವನೆಂದು ಅನ್ನಿಸಿಕೊಳ್ಳಲು ಏಳು ವರ್ಷ ಇಲ್ಲೇ ಓದಿರಬೇಕು. ಇದಕ್ಕೆಲ್ಲ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ಕಾಂಬಿನೇಷನ್ ಬಗ್ಗೆ ಒಂದು ವರ್ಷ ಜ್ಯೋತಿಷಿಗಳ ಮನೆ ತಿರುಗಿದವರು ಈ ಕಾಗದದ ನೆನಪಾಗಿ ಮೇ ತಿಂಗಳ ಬಿಸಿಲಲ್ಲಿ ಊರಿನ ಬಸ್ಸು ಹತ್ತುತ್ತಾರೆ. ಅಲ್ಲಿ ಹೋದರೆ ಶಾಲೆ ರಜೆ, ಹೆಡ್ಮಾಸ್ಟರಿಗೆ ಗಣತಿ ಡ್ಯೂಟಿ. ಕಾಸರಗೋಡಿನ, ಸೊಲ್ಲಾಪುರದ ಗಡಿನಾಡ ಕನ್ನಡಿಗರಿಗೆ ಬೇರೆ ನಿಯಮ. ಅವರು 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು, ನಾಲ್ಕನೇ ತರಗತಿ ಮಟ್ಟದ್ದು, 12 ಬಂದರೆ ಪಾಸು. ಆ ಪರೀಕ್ಷೆಯನ್ನು ಒಮ್ಮೆ ಈ ಕಾರಿಡಾರಿನಲ್ಲಿ ನಿಂತಿರುವವರಿಗೂ ಕೊಟ್ಟು ನೋಡಬೇಕೆಂದು ನನಗೆ ಬಹಳ ದಿನದಿಂದ ಆಸೆ.

ಪ್ರಶ್ನೆ: ನಿಮ್ಮನ್ನು ಇಷ್ಟಪಟ್ಟು ಓದಿದವರು ಯಾರೂ ಇಲ್ಲವೇ?

ಪಿಸಿಎಂಬಿ: ಇದ್ದಾರೆ, ಇದ್ದಾರೆ. ಹೋದ ವರ್ಷ ಒಬ್ಬ ಲ್ಯಾಬಿನಲ್ಲಿ ಟೈಟ್ರೇಶನ್ ಮುಗಿದ ಮೇಲೂ ಬಣ್ಣ ಯಾಕೆ ಬದಲಾಯಿತು ಅಂತ ಕೇಳುತ್ತಾ ನಿಂತುಬಿಟ್ಟ. ಹಿಂದೆ ಇನ್ನೊಂದು ಬ್ಯಾಚು ಕಾಯುತ್ತಿತ್ತು. ‘ರೀಡಿಂಗ್ ಬಂತಲ್ಲ, 30ಕ್ಕೆ 30 ಹಾಕ್ತೀನಿ, ಹೊರಡಪ್ಪ’ ಅಂದರು. ಹೊರಟ.

(ಅಷ್ಟರಲ್ಲಿ ಸರ್ವರ್ ಎದ್ದಿತು. ಪಿಸಿಎಂಬಿಯವರು ವಿದಾಯ ಹೇಳದೆ ಕೌಂಟರಿನತ್ತ ಓಡಿದರು. ಮೆಟ್ಟಿಲಿಳಿಯುವಾಗ, ಕೈಯಲ್ಲಿ ಭೂಪಟದ ಸುರುಳಿ ಹಿಡಿದು ಅವಸರದಲ್ಲಿ ಹೊರಟಿದ್ದ ಎಚ್‌ಇಪಿಎಸ್ ಎದುರಾದರು.)

ಪ್ರಶ್ನೆ: ನಿಮ್ಮದೂ ಎರಡು ಮಾತು ಸಿಗಬಹುದೇ?

ಎಚ್‌ಇಪಿಎಸ್: ಇವತ್ತು ಆಗಲ್ಲ, ಕ್ಷಮಿಸಿ. ಐದು ಗಂಟೆಗೆ ಕೆಎಎಸ್ ಬ್ಯಾಚ್ ಇದೆ. ಎಲ್ಲ ಬಿಇ ಮುಗಿಸಿದ ಹುಡುಗರು. ಪಾಪ, ಮೌರ್ಯರಿಂದ ಶುರು ಮಾಡಬೇಕು.