ಬೇಕಾಗಿದ್ದಾನೆ: ಒಬ್ಬ ಒಳ್ಳೆಯ ಸರ್ವಾಧಿಕಾರಿ

ಕೊಳ್ಳೇಗಾಲದ ಟೀ ಅಂಗಡಿಗಳಲ್ಲಿ ಸರ್ವಾಧಿಕಾರಿಗೆ ಸದಾ ಬೇಡಿಕೆ. ಪೌತಿ ಖಾತೆಗೆಂದು ಕಚೇರಿ ಅಲೆದು ಸುಸ್ತಾದವರು ಗ್ಲಾಸು ಕೆಳಗಿಡುತ್ತ, ‘ಒಬ್ಬ ಹಿಟ್ಲರ್ ಬರ್ಬೇಕು ಸಾ, ಆಗ್ಲೇ ಈ ದೇಸ ಉದ್ಧಾರ ಆಗದು’ ಎನ್ನುತ್ತಾರೆ. ಪಕ್ಕದ ಬೆಂಚಿನವರು ತಿದ್ದುಪಡಿ ಮಂಡಿಸುತ್ತಾರೆ: ‘ಹಿಟ್ಲರ್ ಬ್ಯಾಡ ಕಣಣ್ಣ, ವಸಿ ಒಳ್ಳೆಯವ್ನು ಬರ್ಲಿ.’

ಈ ‘ವಸಿ ಒಳ್ಳೆಯವ್ನಿಗೆ’ ಈಗ ಸಾಹಿತ್ಯದಲ್ಲೂ ಭಾರಿ ಗಿರಾಕಿ. ಕಾಲ್ಪನಿಕ ಲೋಕ ಕಟ್ಟುವ ಕಾದಂಬರಿಕಾರರು, ವೆಬ್ ಸರಣಿಯವರು, ಗೇಮ್ ಮಾಡುವ ಹುಡುಗರು ಎಲ್ಲರಿಗೂ ಓದುಗ ನಂಬುವಂಥ ದಯಾಳು ದೊರೆಯೇ ಬೇಕು. ಅವನನ್ನು ಹುಡುಕಿಕೊಂಡು ಅವರು ಪ್ಲೇಟೋನ ಗ್ರೀಸಿಗೂ ಲೀ ಕ್ವಾನ್ ಯೂ ಅವರ ಸಿಂಗಪುರಕ್ಕೂ ಹೋಗುತ್ತಾರೆ. ಅಷ್ಟು ದೂರ ಯಾಕೆ? ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಪ್ರಜೆಗಳ ಉದ್ಧಾರಕ್ಕೆ ಬೇಕಾದ ಅಷ್ಟೂ ಮಾದರಿಗಳನ್ನು ಪ್ರಜೆಗಳ ಮೇಲೆಯೇ ಪ್ರಯೋಗಿಸಿ ನೋಡಿ ಆಗಿದೆ. ಮಾಟ ತೆಗೆಸಲು ಈ ಕಡೆ ಬರುವ ಕಾರುಗಳ ಹಿಂದೆಯೇ ಕಥೆಗಾರರೂ ಒಮ್ಮೆ ಬಂದು ಹೋಗಲಿ.

ಮೊದಲು ಯಳಂದೂರಿಗೆ ಬನ್ನಿ. ಊರೊಳಗೆ ಜಹಗೀರುದಾರರ ಬಂಗಲೆ ಇದೆ. ಹೈದರನ ಕೈಕೆಳಗಿದ್ದು, ಟಿಪ್ಪುವಿನ ಹಣಕಾಸು ನೋಡಿಕೊಂಡು, 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರ ಒಪ್ಪಿಗೆಯಿಂದ ಬಾಲಕ ಮುಮ್ಮಡಿ ಕೃಷ್ಣರಾಜರ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಈ ಯಳಂದೂರು ಜಹಗೀರಾಗಿ ಬಂತು. ಕಥೆಗಾರರು ಇಲ್ಲಿ ಬರೆದುಕೊಳ್ಳಬೇಕಾದ್ದು ಇಷ್ಟು: ಸುಲ್ತಾನರು ಹೋಗುತ್ತಾರೆ, ಮಹಾರಾಜರು ಬರುತ್ತಾರೆ, ಖಜಾನೆಯ ಬೀಗದ ಕೈ ಮಾತ್ರ ಒಂದೇ ಸೊಂಟದಲ್ಲಿರುತ್ತದೆ. ಆ ಮನೆತನದ ಪಿ.ಎನ್. ಕೃಷ್ಣಮೂರ್ತಿಯವರೂ 1901ರಲ್ಲಿ ಮೈಸೂರಿನ ದಿವಾನರೇ ಆದರು. ನಿಮ್ಮ ಸರ್ವಾಧಿಕಾರಿ ಎಷ್ಟೇ ಒಳ್ಳೆಯವನಿರಲಿ, ಲೆಕ್ಕ ಬರೆಯುವ ಮನೆತನವೊಂದನ್ನು ಅವನ ಪಕ್ಕದಲ್ಲಿ ಕೂರಿಸದಿದ್ದರೆ ಯಾವ ಓದುಗನೂ ನಂಬುವುದಿಲ್ಲ.

ಅಲ್ಲಿಂದ ಶಿವನಸಮುದ್ರಕ್ಕೆ ನಡೆಯಿರಿ. ಸೇತುವೆ ಕಟ್ಟಿಸಿ, ಪಾಳು ಬಿದ್ದಿದ್ದ ಗುಡಿಗಳನ್ನು ರಿಪೇರಿ ಮಾಡಿಸಿದ ರಾಮಸ್ವಾಮಿ ಮೊದಲಿಯಾರರಿಗೆ ಕಂಪನಿ ಸರ್ಕಾರ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಕೊಟ್ಟಿತು, ಜೊತೆಗೆ ಜಹಗೀರನ್ನೂ ಕೊಟ್ಟಿತು. ಜನೋಪಕಾರ ಜನರದು, ಹುಟ್ಟುವಳಿ ಉಪಕಾರಿಯದು. ಇದೇ ಜಲಪಾತದಿಂದ 1902ರಲ್ಲಿ ವಿದ್ಯುತ್ ಹೊರಟಿತು. ಆ ಕಾಲಕ್ಕೆ ಜಗತ್ತೇ ಹುಬ್ಬೇರಿಸುವಷ್ಟು ಉದ್ದದ ತಂತಿ ಎಳೆದು ಅದನ್ನು ಮೊದಲು ಒಯ್ದದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದ ಹಳ್ಳಿಯ ಪ್ರಜೆ ಬುಡ್ಡಿ ದೀಪದಲ್ಲೇ ಜಲಪಾತದ ಸದ್ದು ಕೇಳಿಸಿಕೊಂಡ. ದಯಾಳು ಆಳ್ವಿಕೆಯಲ್ಲಿ ಬೆಳಕು ಹರಿಯುವುದು ಖಂಡಿತ. ಅದು ಚಿನ್ನ ಇರುವ ಕಡೆಗೆ ಮೊದಲು ಹರಿಯುತ್ತದೆ, ಅಷ್ಟೇ.

‘ನಾಲ್ವಡಿ ಕೃಷ್ಣರಾಜ ಒಡೆಯರ್ ಇರಲಿಲ್ಲವೇ?’ ಎಂದು ನೀವು ಕೇಳೇ ಕೇಳುತ್ತೀರಿ. ಇದ್ದರು. ಗಾಂಧೀಜಿ ರಾಜರ್ಷಿ ಎಂದು ಕರೆದ ದೊರೆ. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು, ಎಲ್ಲವೂ ನಿಜ. ಆದರೆ ಆ ರಾಮರಾಜ್ಯದ ಗಡಿ ಕಲ್ಲು ಕೊಳ್ಳೇಗಾಲಕ್ಕೆ ಮೊದಲೇ ಮುಗಿಯುತ್ತಿತ್ತು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು, ಅದರ ಹೊಟ್ಟೆಯಲ್ಲಿದ್ದ ಹನೂರೂ ಸೇರಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರಿನವನಿಗೆ ರಾಜರ್ಷಿ, ಪಕ್ಕದೂರಿನ ಅವನ ಬೀಗನಿಗೆ ಘಟ್ಟದಾಚೆಯ ಕಲೆಕ್ಟರು. ಒಳ್ಳೆಯ ದೊರೆ ಪ್ರಜೆಯ ಹಣೆಬರಹದಲ್ಲಿರಬೇಕು. ಪ್ರಜೆಯ ಕೈಯಲ್ಲಿ ಅಂತೂ ಇರುವುದಿಲ್ಲ.

ಇನ್ನೊಂದನ್ನೂ ಗಮನಿಸಿ. ರಾಜರ್ಷಿಯ ಅತಿ ದೊಡ್ಡ ಕೆಲಸ, ಹಿಂದುಳಿದವರಿಗೆ ಕೊಟ್ಟ ಆ ನೌಕರಿಯ ಪಾಲು, ದಯೆಯಿಂದ ತಾನಾಗಿ ಉದುರಿದ್ದಲ್ಲ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಅದರ ನಿಯೋಗ ಅರಮನೆಗೆ ಹೋಗಿ ನಮ್ಮ ಪಾಲೆಲ್ಲಿ ಎಂದು ಕೇಳಿತು, ಆಮೇಲೆ ಮಿಲ್ಲರ್ ಸಮಿತಿ ಬಂತು. ಒಪ್ಪದ ದಿವಾನ ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಟ್ಟರು. ಕೇಳುವವರು ಇದ್ದರು, ಒಲ್ಲೆ ಎನ್ನುವ ದಿವಾನರೂ ಇದ್ದರು. ದೊರೆ ಒಳ್ಳೆಯವನಾಗಿ ಕಾಣಲು ಅದರಿಂದ ಅನುಕೂಲವಾಯಿತು. ದಸರೆಯ ಹೊತ್ತಿಗೆ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಹೇಳಿಕೊಳ್ಳುವ ಹಕ್ಕಿತ್ತು. ಸರ್ಕಾರವನ್ನು ಕೆಳಗಿಳಿಸುವ ಹಕ್ಕಿರಲಿಲ್ಲ. ಆ ಹಕ್ಕಿನ ಮಾತೆತ್ತಿ 1938ರ ಏಪ್ರಿಲ್‌ನಲ್ಲಿ ಜನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದಾಗ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ದೊರೆ ಅದೇ ರಾಜರ್ಷಿ. ಬಂದೂಕಿಗೆ ದೊರೆಯ ಸ್ವಭಾವ ಗೊತ್ತಿರುವುದಿಲ್ಲ.

ಕೆಟ್ಟ ಉದ್ದೇಶವೇ ಇಲ್ಲದ ಸರ್ವಾಧಿಕಾರ ನೋಡಬೇಕಾದರೆ ಬಿಳಿಗಿರಿರಂಗನ ಬೆಟ್ಟ ಹತ್ತಿ. ಸೋಲಿಗರು ತಲೆಮಾರುಗಳಿಂದ ಬೇಸಿಗೆ ಶುರುವಾಗುವ ಹೊತ್ತಿಗೆ ಒಣ ತರಗಿಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಎನ್ನುತ್ತಾರೆ ಅದಕ್ಕೆ. ಮೊಣಕಾಲೆತ್ತರದ ಬೆಂಕಿ, ಹುಲ್ಲು ಚಿಗುರುತ್ತದೆ, ಕಳೆ ಸಾಯುತ್ತದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರನ್ನು ಒಳಕಾಡಿನಿಂದ ಎಬ್ಬಿಸಿ ರಸ್ತೆ ಬದಿಯ ಪೋಡುಗಳಿಗೆ ತಂದಿದ್ದೂ ಆಯಿತು, ಬೆಂಕಿ ಬಂದ್ ಆದದ್ದೂ ಆಯಿತು. ಎಲ್ಲ ಕಾಡಿನ ಒಳ್ಳೆಯದಕ್ಕೇ. ಆಮೇಲೆ ಲಂಟಾನ ಆಳೆತ್ತರ ಬೆಳೆದು ಹುಲ್ಲನ್ನು ನುಂಗಿತು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು. ಬೆಂಕಿ ನಿಂತದ್ದರಿಂದಲೇ ಹೀಗಾಯಿತು ಎಂದು ಸೋಲಿಗರು ಹೇಳುತ್ತ ಬಂದರು. ಆದರೆ ಹಿತ ಬಯಸುವವನಿಗೆ ಕಿವಿ ಕಡ್ಡಾಯವಲ್ಲವಲ್ಲ. ಅರಣ್ಯ ಹಕ್ಕು ಕಾಯ್ದೆ ಬಂದು, ಹೋರಾಟ ನಡೆದು, 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕಾಗದದಲ್ಲಿ ಹಕ್ಕು ಸೋಲಿಗರದು, ಬೋರ್ಡು ಹುಲಿಯದು, ಗೇಟಿನ ಬೀಗ ಇಲಾಖೆಯದು.

ಇಲಾಖೆ ಬೇಡ, ಕಾಡಿನ ಮಗನೇ ಆಳಲಿ ಎನ್ನುವವರಿಗೆ ಹನೂರು ಕಡೆಯ ಗೋಪಿನಾಥಂ ಇದೆ. ಅಲ್ಲಿ ಹುಟ್ಟಿದ ವೀರಪ್ಪನ್ ಬಗ್ಗೆ ‘ಅವ್ನಿದ್ದಾಗ ಕಾಡಿಗೆ ಯಾರೂ ಕಾಲಿಡ್ತಿರ್ನಿಲ್ಲ ಸಾ’ ಎಂದು ಈಗಲೂ ಹೇಳುವವರುಂಟು. ಹೌದು, ಕಾಲಿಟ್ಟವರು ತಿರುಗಿ ಬರುತ್ತಿರಲಿಲ್ಲ. ಅದೇ ಗೋಪಿನಾಥಂನಲ್ಲಿ ಮಾರಮ್ಮನ ಗುಡಿ ಕಟ್ಟಿಸಿ ಜನರ ಮನ ಗೆದ್ದಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರಲ್ಲಿ ಕೊಂದವನು ಅವನೇ. 2000ದಲ್ಲಿ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಒಯ್ದು 108 ದಿನ ಇಟ್ಟುಕೊಂಡಾಗ ಅವನ ಬೇಡಿಕೆ ಕ್ಯಾಸೆಟ್ಟಿನಲ್ಲಿ ಬಂತು: ಕಾವೇರಿ ನೀರು, ತಿರುವಳ್ಳುವರ್ ಪ್ರತಿಮೆ, ನೀಲಗಿರಿಯ ಚಹಾ ಎಲೆಗೆ ಬೆಲೆ. ಎರಡು ವರ್ಷದ ನಂತರ ಕಾಮಗೆರೆಯಿಂದ ಒಯ್ದ ಮಾಜಿ ಸಚಿವ ನಾಗಪ್ಪನವರು ಹೆಣವಾಗಿ ಸಿಕ್ಕರು. ಇತ್ತ, ಅವನನ್ನು ಹಿಡಿದು ಜನರನ್ನು ಉಳಿಸಲು ಬಂದ ಕಾರ್ಯಪಡೆಯ ಕೈಗೆ ಸಿಕ್ಕ ಹಳ್ಳಿಗರ ಕಥೆ ನ್ಯಾಯಮೂರ್ತಿ ಸದಾಶಿವ ಸಮಿತಿಯ ಕಡತದಲ್ಲಿದೆ. 2007ರಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿಸಬೇಕಾಯಿತು. ಉದ್ಧಾರಕರು ಇಬ್ಬರಾದಾಗ ಪ್ರಜೆಗೆ ಪೆಟ್ಟೂ ಎರಡು.

ಹೀಗೆ ತಿರುಗಾಡಿ ಬಂದ ಕಥೆಗಾರರು ನಿರಾಶರಾಗಬೇಕಿಲ್ಲ. ದೊರೆಗೆ ಎಲ್ಲ ಸದ್ಗುಣಗಳನ್ನೂ ಧಾರಾಳವಾಗಿ ಕೊಡಿ, ಅದಕ್ಕೇನೂ ಖರ್ಚಿಲ್ಲ. ಅವನ ಎದುರು ನಿಂತು ‘ಇದು ತಪ್ಪು ಬುದ್ಧಿ’ ಎಂದವನು ಸಂಜೆ ಮನೆಗೆ ಬಂದು ಮುದ್ದೆ ಉಣ್ಣುತ್ತಾನೋ ಇಲ್ಲವೋ, ಅದನ್ನು ಮಾತ್ರ ಮೊದಲು ತೀರ್ಮಾನಿಸಿ. ಉಣ್ಣುತ್ತಾನೆ ಎಂದಾದರೆ ನಿಮ್ಮದು ಸರ್ವಾಧಿಕಾರವಲ್ಲ. ಇಲ್ಲ ಎಂದಾದರೆ ಒಳ್ಳೆಯದಲ್ಲ.

ಈ ಸಿಕ್ಕು ಬಿಡಿಸಿಕೊಂಡವರೂ ಒಬ್ಬರಿದ್ದಾರೆ. ಹನೂರು ಕಡೆಯ ಒಡೆಯರಪಾಳ್ಯದಲ್ಲಿ ಟಿಬೆಟನ್ನರ ನೆಲೆ ಇದೆ. ಅವರ ದೊರೆ, ಗುರು, ದೈವ ಎಲ್ಲವೂ ಆಗಿದ್ದ ದಲೈ ಲಾಮಾ 2011ರಲ್ಲಿ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕನಿಗೆ ಒಪ್ಪಿಸಿದರು. ಬೇಡ, ನೀವೇ ಇರಿ ಎಂದು ಅವರ ಸಂಸತ್ತೇ ಅಂಗಲಾಚಿತು. ಅವರು ಕೇಳಲಿಲ್ಲ. ಸರ್ವಾಧಿಕಾರಿಯೊಬ್ಬ ಪ್ರಜೆಗಳ ಮಾತು ಮೀರಿ ಮಾಡಬಹುದಾದ ಒಂದೇ ಒಳ್ಳೆಯ ಕೆಲಸ ಅದು.

ಆದರೆ ಈ ಪಾತ್ರವನ್ನು ಕಾದಂಬರಿಯಲ್ಲಿ ಹಾಗೇ ಇಟ್ಟೀರಿ, ಜೋಕೆ. ಕುರ್ಚಿಯಿಂದ ತಾನಾಗಿ ಎದ್ದವನನ್ನು ನಮ್ಮ ಓದುಗರು ಸುತರಾಂ ನಂಬುವುದಿಲ್ಲ; ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ಅವನ ಮಗನನ್ನು ತಂದು ಪಟ್ಟಕ್ಕೆ ಕೂರಿಸಿಬಿಡಿ, ಯಾರೂ ತಕರಾರು ಎತ್ತುವುದಿಲ್ಲ. ಸರ್ವಾಧಿಕಾರದ ಗೊಡವೆಯೇ ಇಲ್ಲದೆ, ಐದು ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಾವು ಅದನ್ನು ಸಾಧಿಸಿ ತೋರಿಸಿದ್ದೇವೆ.